ಮುತ್ತುಗದ ಎಲೆಯ ತೂತು

ಮೊನ್ನೆ ಕುರ್ಡಿಯಲ್ಲಿ ನನ್ನ ಬಾಲ್ಯದ ಗೆಳತಿ ಮರಿಯವ್ವನ ಮೊಮ್ಮಗಳ ಮದುವೆ. ಊಟಕ್ಕೆ ಕೂತಾಗ ಮುಂದೆ ಮುತ್ತುಗದ ಎಲೆ ಹಾಕಿದರು. ಬಿಸಿ ಅನ್ನ ಬಿದ್ದದ್ದೇ ತಡ, ಒಣ ಎಲೆಯಿಂದ ಒಗರು ವಾಸನೆ ಎದ್ದು ಮೂಗಿಗೆ ಬಡಿಯಿತು. ಹಸಿವು ಹೋಗಿ ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಮರಿಯವ್ವ, "ಯಾಕ ಬೇ, ಉಣವಲ್ಲಿ?" ಎಂದಳು. ಅವಳಿಗೇನು ಹೇಳಲಿ? ಅವಳ ಪಾಲಿನ ಸಿಟ್ಟನ್ನೂ ನಾನೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ನಾವಿಬ್ಬರೂ ಕಲಿತಂಥ ಶಾಲೆಯೊಂದು ನಿಮ್ಮೂರಲ್ಲೂ ಇದ್ದಿರಬೇಕು, ನಿಮಗಾದರೂ ಹೇಳುತ್ತೇನೆ.

ಅದು ನಿಜಾಮನ ಕಾಲ. ಮಾನ್ವಿಯ ಸರ್ಕಾರಿ ಶಾಲೆಯಲ್ಲಿ ಉರ್ದು ನಡೆಯುತ್ತಿತ್ತು. ನಮ್ಮಂಥ ಕೂಲಿಯವರ ಮಕ್ಕಳಿಗೆ ಕನ್ನಡ ಅಕ್ಷರ ಬೇಕಿದ್ದರೆ ಚರ್ಚಿನ ಶಾಲೆಯೇ ಗತಿ. ಒಂದೇ ಉದ್ದನೆಯ ಕೋಣೆ, ಸಗಣಿ ಸಾರಿಸಿದ ನೆಲ, ಗೋಡೆಗೆ ಸುಣ್ಣದ ವಾಸನೆ. ಸಂಜೆ ಮನೆಯ ಕಟ್ಟೆಯ ಮೇಲೆ ಅವ್ವ ಕಡ್ಡಿ ಚುಚ್ಚಿ ಮುತ್ತುಗದ ಪತ್ರಾವಳಿ ಹಚ್ಚುತ್ತಾ "ನೀ ಓದವ್ವಾ, ನಾ ಕೇಳ್ತೀನಿ" ಎನ್ನುತ್ತಿದ್ದಳು. ನಾನು ಪುಸ್ತಕ ಬಿಚ್ಚಿ, ಸಾಲಿನ ಕೆಳಗೆ ಬೆರಳು ಓಡಿಸುತ್ತಾ, "ಕಮಲ ಬಾವಿಗೆ ಹೋದಳು, ಕೊಡ ತುಂಬಿದಳು" ಎಂದು ಗಡಗಡ ಒಪ್ಪಿಸುತ್ತಿದ್ದೆ. ಅವ್ವನ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಒಂದನೆಯ ಕ್ಲಾಸು ನೋಡಿಕೊಳ್ಳುತ್ತಿದ್ದ ದೊಡ್ಡ ಮಾಸ್ತರರು ಕಲಿಸಿದ್ದೇ ಅಷ್ಟು. ಇಡೀ ಕ್ಲಾಸು ಒಂದೇ ದನಿಯಲ್ಲಿ ಹಾಡಬೇಕು, ಹಾಡಿನ ಜೊತೆಗೆ ಬೆರಳು ಹೋಗಬೇಕು. ಬೆರಳು ಹಿಂದೆ ಬಿದ್ದರೆ ಗೆಣ್ಣಿನ ಮೇಲೆ ಛಡಿ ಬೀಳುತ್ತಿತ್ತು. ಓದು ಎಂದರೆ ಬೆರಳಿನ ಕೆಲಸ ಎಂದೇ ನಾವು ತಿಳಿದಿದ್ದೆವು.

ಎರಡನೆಯ ಕ್ಲಾಸಿಗೆ ದೇವದುರ್ಗದಿಂದ ರತ್ನಮ್ಮ ಟೀಚರ್ ಬಂದರು. ಮೊದಲ ದಿನವೇ ನನ್ನಿಂದ ಓದಿಸಿದರು. ಸುಮ್ಮನೆ ಕೇಳಿಸಿಕೊಂಡು, ನಾನು ಪುಸ್ತಕದಲ್ಲಿ ಇಟ್ಟಿದ್ದ ಮುತ್ತುಗದ ಎಲೆಯನ್ನು ತೆಗೆದು, ನಡುವೆ ಒಂದು ಪದದಷ್ಟು ತೂತು ಮಾಡಿ, ಅದನ್ನು ಪುಟದ ಮೇಲಿಟ್ಟರು. ಪಾಠವೆಲ್ಲ ಮುಚ್ಚಿಹೋಗಿ ತೂತಿನಲ್ಲಿ ಒಂದೇ ಪದ ಉಳಿಯಿತು. ನಾನು "ಕಮಲ..." ಎಂದು ಶುರು ಮಾಡಿದೆ.

"ಪಾಠ ಹೇಳಬ್ಯಾಡವ್ವಾ. ತೂತಿನ್ಯಾಗ ಏನದ, ಅದನ್ನ ಹೇಳು."

ನನಗೆ ಬರಲಿಲ್ಲ. ಕ್ಲಾಸಿನಲ್ಲಿ ಒಬ್ಬರಿಗೂ ಬರಲಿಲ್ಲ. ಟೀಚರ್ ಬೈಯಲಿಲ್ಲ. ಮರುದಿನ ಅದೇ ಮೊದಲ ಪುಸ್ತಕ ಹಿಡಿದು 'ಅ'ದಿಂದ ಮತ್ತೆ ಶುರು ಮಾಡಿದರು. ಎಲೆ ದಿನವೂ ಪುಟದ ಮೇಲೆ ಸರಿಯುತ್ತಿತ್ತು. ನನಗೆ ಬೇಗ ಬಂತು, ಮರಿಯವ್ವನಿಗೆ ತಡವಾಯಿತು. ಒಂದು ದಿನ ಅವಳು ತೂತಿನೊಳಗೆ ಕಣ್ಣಿಟ್ಟು, "ಬಾ... ವಿ. ಬಾವಿ," ಎಂದು ಬೆರಗಿನಿಂದ ತಲೆ ಎತ್ತಿ, "ಇಷ್ಟ ಅದೇನ್ರೀ ಬಾವಿ, ಎರಡ ಅಕ್ಷರ?" ಎಂದು ಕೇಳಿದಳು. ಟೀಚರ್ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬೇಸಿಗೆಯ ಮುಂಚೆ ರಾಯಚೂರಿನಿಂದ ತಪಾಸಣೆಯ ಸಾಹೇಬರು ಬಂದರು. ಹಿಂದುಳಿದ ಕ್ಲಾಸಿನ ಟೀಚರನ್ನು ತೆಗೆದುಬಿಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಒಂದನೆಯ ಕ್ಲಾಸು ಬೆರಳು ಓಡಿಸಿ ಗಡಗಡ ಹಾಡಿತು. ನಮ್ಮ ಸರದಿಯಲ್ಲಿ ಮರಿಯವ್ವ ಎದ್ದು "ಕ... ಮ... ಲ" ಎಂದು ಕೂಡಿಸತೊಡಗಿದಳು. ಸಾಹೇಬರು ಗಡಿಯಾರ ನೋಡಿಕೊಂಡರು. "ಎರಡನೇ ಕ್ಲಾಸಿಗೆ ಬಂದರೂ ಇನ್ನೂ ಇದೇ ಪುಸ್ತಕವೇ?" ಎಂದರು. ರತ್ನಮ್ಮ ಟೀಚರ್ ಎಲೆ ಮುಂದೆ ಹಿಡಿದು, "ಸಾಹೇಬ್ರ, ಇದನ್ನಿಟ್ಟು ಒಂದನೇ ಕ್ಲಾಸಿನವರನ್ನ ಕೇಳಿ ನೋಡ್ರಿ" ಎಂದರು. ದೊಡ್ಡ ಮಾಸ್ತರರು, "ಎಲಿ ಉಣ್ಣಾಕ ಇರ್ತಾವ್ರಿ, ಓದಾಕಲ್ಲ" ಎಂದರು. ಸಾಹೇಬರೂ ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎಲೆ ಇಟ್ಟು ಒಂದು ಪದ ಕೇಳಲು ಎಷ್ಟು ಹೊತ್ತು ಬೇಕಿತ್ತು ಆ ಮನುಷ್ಯನಿಗೆ?

ಆಮೇಲೆ ನನ್ನನ್ನು ಎಬ್ಬಿಸಿದರು. ನನಗೆ ನಿಜವಾಗಿ ಓದಲು ಬರುತ್ತಿತ್ತು, ಆದರೆ ನಿಧಾನ. ಟೀಚರ್ ಮುಖ ಬಿಳಿಚಿಕೊಂಡಿತ್ತು. ಅವರನ್ನು ಉಳಿಸಬೇಕೆಂದು ನಾನು ಹಳೆಯ ಬೆರಳನ್ನೇ ಓಡಿಸಿ, ಇಡೀ ಪಾಠವನ್ನು ಉಸಿರು ಬಿಡದೆ ಒಪ್ಪಿಸಿಬಿಟ್ಟೆ. ಸಾಹೇಬರು "ಶಾಬಾಸ್" ಎಂದರು. ದೊಡ್ಡ ಮಾಸ್ತರರು ತಡಮಾಡಲಿಲ್ಲ. "ಈಕಿ ಹ್ವಾದ ವರ್ಷ ನನ್ನ ಕೈಯಾಗ ಕಲಿತಾಕಿ, ಸಾಹೇಬ್ರ. ಆಗಿನದು ಇನ್ನೂ ಮರ್ತಿಲ್ಲ." ನಾನು ಪುಸ್ತಕ ಮುಚ್ಚಿ ಕೂತುಬಿಟ್ಟೆ.

ರತ್ನಮ್ಮ ಟೀಚರನ್ನು ತೆಗೆದರು. ದೇವದುರ್ಗದ ಬಂಡಿ ಹತ್ತುವ ಮುಂಚೆ ಅವರು ನನ್ನನ್ನು ಕರೆದು, "ಓದಾಕ ಬರ್ತಿತ್ತಲ್ಲವ್ವಾ ನಿನಗ, ಯಾಕ ಹಂಗ ಮಾಡಿದಿ?" ಎಂದು ಕೇಳಿದರು. "ನಿಮ್ಮನ್ನ ಉಳಿಸಾಕ್ರಿ" ಎಂದೆ. ಅವರು ಎಲೆಯನ್ನು ನನ್ನ ಕೈಗಿಟ್ಟು, "ಮರಿಯವ್ವಗ ನೀನ ಕಲಿಸು. ಇನ್ನ ಸ್ವಲ್ಪ ಅದ ಆಕಿದು" ಎಂದರು. ನಾನು ಕಲಿಸಲಿಲ್ಲ. ನಮ್ಮ ಕ್ಲಾಸನ್ನೂ ತಾವೇ ಹಿಡಿದ ಮಾಸ್ತರರು ನನ್ನನ್ನು ಮುಂದಿನ ಸಾಲಿಗೆ ತಂದು ಹಾಡಿಸಿದರು, ನಾನು ಶಾಬಾಸ್‌ಗಿರಿಯಲ್ಲಿ ಮೆರೆದೆ. ಎಲೆ ಪುಡಿಯಾಗಿ ಹೋಯಿತು. ಮಾಸ್ತರರ ಮೇಲೆ, ಸಾಹೇಬರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೂ ಕೊನೆಗೆ ತಿರುಗಿ ನನ್ನ ಹತ್ತಿರವೇ ಬಂದು ಕೂರುತ್ತದೆ.

ಮೊನ್ನೆ ಊಟವಾದ ಮೇಲೆ, "ಕಮಲನ ಪಾಠ ನೆನಪದೇನ?" ಎಂದು ಕೇಳಿದೆ. ಮರಿಯವ್ವ ನಕ್ಕು, ಮೊಣಕಾಲ ಮೇಲೆ ಬೆರಳು ಓಡಿಸುತ್ತಾ, ಒಂದು ಪದ ತಪ್ಪದೆ ಕೊನೆಯವರೆಗೂ ಹೇಳಿದಳು. ಅಷ್ಟರಲ್ಲಿ ಮದುಮಗಳು ಬಂದು, "ಯಮ್ಮಾ, ಪತ್ರಿಕಿಯಾಗ ನಿನ್ನ ಹೆಸರ ಹಾಕ್ಸೀವಿ, ನೋಡಿದೇನ?" ಎಂದು ಲಗ್ನಪತ್ರಿಕೆ ಕೊಟ್ಟಳು. ಮರಿಯವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಡೆ ಚಾಚಿದಳು.

"ಕನ್ನಡಕ ಮನ್ಯಾಗ ಉಳೀತು. ನೀನ ಓದು."

ಮರಿಯವ್ವ ಜೀವಮಾನದಲ್ಲಿ ಕನ್ನಡಕ ಹಾಕಿದವಳಲ್ಲ. ನಾನು ಅವಳ ಹೆಸರನ್ನು ಅವಳಿಗೆ ಓದಿ ಹೇಳಿದೆ.