ಕೊನೆಯ ಮಾಸ್ಕಿನ ಕಾಳು

ಅತಿಥಿ ಉಪನ್ಯಾಸಕರ ಅರ್ಜಿ ಹಾಕುವ ದಿನ ಬಂತೆಂದರೆ ಅದೇ ಹಳೆಯ ಪ್ರಮಾಣಪತ್ರಗಳನ್ನು ಮತ್ತೆ ಹುಡುಕಬೇಕು. ಹೋದ ವಾರ ಭಾಲ್ಕಿಯ ನನ್ನ ಬಾಡಿಗೆ ಕೋಣೆಯಲ್ಲಿ ಹಳೆಯ ಚೀಲವೊಂದನ್ನು ಜಾಡಿಸಿದಾಗ ಪಕ್ಕದ ಜೇಬಿನಿಂದ ನೀಲಿ ಚೌಕಳಿ ಬಟ್ಟೆಯ ಮಾಸ್ಕ್ ಬಿತ್ತು. ಮೂಸಿ ನೋಡಿದೆ. ಮುಗ್ಗಲು ವಾಸನೆ, ಅದರ ಹಿಂದೆ ಬಿಸಿ ಇಸ್ತ್ರಿಯ ವಾಸನೆ ಇದ್ದ ಹಾಗೆ... ಇರಲಿಕ್ಕಿಲ್ಲ. ಅಷ್ಟು ವರ್ಷ ಯಾವ ವಾಸನೆಯೂ ಉಳಿಯುವುದಿಲ್ಲ. ನೆರಿಗೆಗಳನ್ನು ಬೆರಳಿನಿಂದ ಸವರುವಾಗ ಒಂದು ಮೂಲೆಯಲ್ಲಿ ಏನೋ ಗಟ್ಟಿಯಾದದ್ದು ಹತ್ತಿತು. ಎರಡು ಪದರಗಳ ನಡುವೆ ಹೊಲಿದಿಟ್ಟ ಒಂದು ಜೋಳದ ಕಾಳು.

ಅದನ್ನು ಹೊಲಿದವರು ಕಾಕು. ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಎನ್ನುತ್ತಿದ್ದೆವಾದರೂ ನಮಗೆ ಸಂಬಂಧಿಯಲ್ಲ. ಔರಾದದಲ್ಲಿ ನಮ್ಮ ಎದುರುಮನೆಯವರು. ಕುರಿ ಸಾಕುವ ಮನೆತನ. ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಅವರ ಕೈ ಓಣಿಗೆಲ್ಲ ಗೊತ್ತು. ಹನ್ನೆರಡು ಹೆಂಗಸರ ಸ್ವಸಹಾಯ ಸಂಘಕ್ಕೆ ಅವರೇ ಅಧ್ಯಕ್ಷರು. ನನ್ನನ್ನು "ಪುರಾವೆ ಮಾಸ್ತರ" ಎಂದು ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಪುರಾವೆ ಎಲ್ಲಿದೆ ಎಂದು ಕೇಳುವ ಚಾಳಿ ವಿಶ್ವವಿದ್ಯಾಲಯದಿಂದ ನನ್ನ ಜೊತೆ ಊರಿಗೂ ಬಂದಿತ್ತು.

ಲಾಕ್‌ಡೌನಿನಲ್ಲಿ ಕಾಲೇಜು ಮುಚ್ಚಿತು, ಸಂಬಳ ನಿಂತಿತು. ಔರಾದಕ್ಕೆ ರೈಲು ಮೊದಲೇ ಇಲ್ಲ, ಬಸ್ಸೂ ಇಲ್ಲದೆ ತೊಗರಿ ಸಾಗಿಸುವ ಲಾರಿಯೊಂದರಲ್ಲಿ ಕುಳಿತು ಊರು ಸೇರಿದೆ. ಸಂಘದ ಹೆಂಗಸರಲ್ಲಿ ಬಹಳ ಜನ ಬೇಳೆ ಗಿರಣಿಯಲ್ಲಿ ಕಾಳು ಆರಿಸುವವರು. ಗಿರಣಿಯೂ ಬಂದಾಗಿತ್ತು. ಆಗಲೇ ಮಾಸ್ಕ್ ಹೊಲಿಯುವ ಸಂಘಗಳಿಗೆ ಸರ್ಕಾರ ದುಡ್ಡು ಕೊಡುತ್ತದೆ ಎಂಬ ಸುದ್ದಿ ಬಂತು. ಕಾಕು ಫಾರಂ ಹಿಡಿದು ನಮ್ಮ ಕಟ್ಟೆಗೆ ಬಂದರು.

"ಇವೆಲ್ಲಾ ಪೇಪರಿನ್ಯಾಗ ಬರೋ ಮಾತು ಕಾಕು. ದುಡ್ಡು ಬರಂಗಿಲ್ರಿ," ಅಂದೆ.

"ನೀ ತುಂಬು. ಬರಲಿಲ್ಲಂದ್ರ ನೀ ಶ್ಯಾಣ್ಯಾ ಅಂತ ಓಣಿ ತುಂಬಾ ಹೇಳ್ತೀನಿ. ಬಂತಂದ್ರ ಬಾಯಿ ಮುಚ್ಕೊಂಡು ನಮ್ಮನ್ಯಾಗ ಚಾ ಕುಡಿ."

ದುಡ್ಡು ಬಂತು. ಅರ್ಧ ಮಾತ್ರ. ಅದು ಬಟ್ಟೆ, ದಾರ, ಎಲಾಸ್ಟಿಕ್ಕಿಗೆ ಸರಿಹೋಯಿತು. ಉಳಿದರ್ಧ, ಎಂದರೆ ಹೆಂಗಸರ ಕೂಲಿ, ಬೀದರಿನಿಂದ ಸಾಹೇಬರು ಬಂದು ಮಾಲು ನೋಡಿ ಒಪ್ಪಿದ ಮೇಲೆ. ಒಪ್ಪದಿದ್ದರೆ ಹನ್ನೆರಡು ಮನೆಗಳ ದುಡಿಮೆ ಮಣ್ಣುಪಾಲು. ಆ ಹೆಂಗಸರು ಸರ್ಕಾರವನ್ನು ನಂಬಿ ಕೂತಿರಲಿಲ್ಲ. ಕಾಕು ಮಾತು ಕೊಟ್ಟಿದ್ದಾರೆ ಎಂದು ಕೂತಿದ್ದರು.

ನಮ್ಮ ಕಡೆ ಕೌದಿಗೆ ಒಂದು ಪದ್ಧತಿ ಇದೆ. ಕೊನೆಯ ತುಂಡು ಹಚ್ಚುವಾಗ ಅದರ ಕೆಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಒಂದು ಮಧ್ಯಾಹ್ನ ಹೋದಾಗ ಕಾಕು ಐವತ್ತು ಮಾಸ್ಕಿನ ಕಟ್ಟಿನ ಕೊನೆಯದಕ್ಕೆ ಮೂಲೆಯಲ್ಲಿ ಜೋಳದ ಕಾಳಿಟ್ಟು ಹೊಲಿಯುತ್ತಿದ್ದರು. ನಾನು ನಿಂತುಬಿಟ್ಟೆ.

"ಏನ್ ನೋಡ್ಲತ್ತಿ? ರೊಟ್ಟಿ ಇಟ್ರ ಬೂಸ್ಟು ಹಿಡೀತದ. ಅದಕ್ಕ ಕಾಳು."

"ಕಾಕು, ಇದು ದವಾಖಾನಿಗೆ ಹೋಗೋ ಮಾಲದರಿ."

"ಅದಕ್ಕೇ ಮತ್ತ. ಉಪವಾಸ ಕಳಸಬೇಕೇನು ಅಲ್ಲಿಗಿ?"

ನಾನು ತುಂಬಿದ ಅರ್ಜಿಯಲ್ಲಿ ಬಟ್ಟೆಯ ಅಳತೆಗೆ ಕಾಲಂ ಇತ್ತು, ಪದರ ಎಷ್ಟು ಎಂಬುದಕ್ಕೂ ಇತ್ತು. ಈ ಕಾಳಿಗೆ ಇರಲಿಲ್ಲ. ನಕ್ಕುಬಿಟ್ಟೆ.

ಇನ್ನು ಮುಂದಿನದನ್ನು ಹೇಳುವಾಗ ನನಗೆ ನನ್ನ ಮೇಲೆಯೇ ನಂಬಿಕೆ ಸಾಲದು. ಸಾಹೇಬರು ಜೀಪಿನಲ್ಲಿ ಬಂದರು. ಕಟ್ಟೆಯ ಮೇಲೆ ನಲವತ್ತು ಕಟ್ಟುಗಳಿದ್ದವು. ಹೊಲಿಗೆ ನೋಡಿ "ಛಲೋ ಅದ" ಅಂದರು. ಕಾಕು ತಗಡಿನ ಗೋಡೆಯ ಆಚೆ ಚಹಾ ಸೋಸುತ್ತಿದ್ದರು. ಆಮೇಲೆ ಸಾಹೇಬರು ಒಂದು ಮಾಸ್ಕನ್ನು ಬೆರಳ ನಡುವೆ ಹಿಸುಕಿದರು, ಏನೋ ಹತ್ತಿತು, ಮುಖ ಗಂಟಿಕ್ಕಿದರು. ಇಷ್ಟು ವರ್ಷ ತರಗತಿಯಲ್ಲೂ ಗೆಳೆಯರ ನಡುವೆಯೂ ನಾನು ಹೇಳಿಕೊಂಡು ಬಂದಿದ್ದು ಇದನ್ನೇ. ಆದರೆ ಇನ್ನೊಂದು ನೆನಪೂ ಇದೆ. ಅದರಲ್ಲಿ ಓದಿದವನೆಂದು ತೋರಿಸಿಕೊಳ್ಳುವ ನನ್ನದೇ ದನಿ ಕೇಳಿಸುತ್ತದೆ: "ಸರ್, ಇದರಾಗ ಒಂದು ಮಜಾ ಅದರಿ..." ಎರಡರಲ್ಲಿ ಒಂದನ್ನು ನಾನು ಕಟ್ಟಿಕೊಂಡಿದ್ದೇನೆ. ಸುಳ್ಳು ಕಟ್ಟುವವನು ತನ್ನನ್ನು ತಪ್ಪಿತಸ್ಥನಾಗಿಸಿಕೊಳ್ಳುವುದು ಕಡಿಮೆ. ಅದಕ್ಕೇ ಎರಡನೆಯದೇ ನಿಜವಿರಬೇಕು ಎನಿಸುತ್ತದೆ.

ಸಾಹೇಬರು ಕೂಗಾಡಲಿಲ್ಲ. "ತಿನ್ನೋ ಸಾಮಾನು ಇರೋ ಮಾಲು ನಾ ತಗೊಳ್ಳಂಗಿಲ್ಲ. ಸೋಮವಾರ ಒಳಗ ಎಲ್ಲಾ ತೆಗೀರಿ. ಒಂದು ಕಾಳು ಸಿಕ್ರೂ ಕ್ಯಾನ್ಸಲ್," ಎಂದು ಹೋದರು. ಚಹಾ ಹಾಗೇ ಉಳಿಯಿತು.

ಸಾಹೇಬರು ಬರುವ ಮುಂಚೆಯೇ ಎಲ್ಲ ಕಟ್ಟುಗಳನ್ನು ಬಿಚ್ಚಿ, ಇಸ್ತ್ರಿ ಮಾಡಿ, ಮತ್ತೆ ಕಟ್ಟಿದ್ದರಿಂದ ಕಾಳಿದ್ದ ಕೊನೆಯ ಮಾಸ್ಕ್ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಹನ್ನೆರಡು ಜನ ಒಂದೊಂದೇ ಮಾಸ್ಕಿನ ಮೂಲೆ ಮುಟ್ಟಿ ನೋಡಿದರು. ಗಿರಣಿಯಲ್ಲಿ ಬೇಳೆಯೊಳಗಿನ ಕಲ್ಲು ಆರಿಸಿದ ಬೆರಳುಗಳು ಈಗ ಬಟ್ಟೆಯೊಳಗಿನ ಕಾಳು ಆರಿಸಿದವು. ಒಬ್ಬಾಕೆ ತಡೆಯದೆ ಅಂದಳು: "ಸರ್ಕಾರಕ್ಕ ಜ್ವಾಳ ಉಣಸ್ಲಕ ಹೋದಿ ಕಾಕು. ಅದು ಅಕ್ಕಿ ಉಣ್ಣೋದು!" ಎಲ್ಲರೂ ನಕ್ಕರು, ಕಾಕು ಕೂಡ. ನಗು ನಿಂತ ಮೇಲೆ ಇನ್ನೊಬ್ಬಾಕೆ ಮೆಲ್ಲಗೆ ಕೇಳಿದಳು: "ಒಳಗಿದ್ದ ಕಾಳು ಅವರಿಗೆ ಹ್ಯಾಂಗ ಗೊತ್ತಾಯ್ತು?" ನಾನು ದಾರ ಸುತ್ತುತ್ತಿದ್ದೆ. ಕಾಕು ತಲೆ ಎತ್ತದೆ, "ಸಾಹೇಬರ ಕೈ ಅಲ್ಲೇನು. ನಡೀಲಿ, ಮಾಡ್ರಿ," ಅಂದರು.

ಸಿಕ್ಕ ಕಾಳುಗಳನ್ನು ಹಿತ್ತಾಳೆ ಬಟ್ಟಲಿಗೆ ಹಾಕುತ್ತಾ ಹೋದರು. ಭಾನುವಾರ ಸಂಜೆ ನಲವತ್ತನೆಯದು ಸಿಕ್ಕಿತು. ಕಾಕು ಬಟ್ಟಲನ್ನು ಅಂಗಳದ ಗುಬ್ಬಿಗಳಿಗೆ ಸುರಿದರು. ಮಾಲು ಒಪ್ಪಿಗೆಯಾಯಿತು. ತಡವಾದರೂ ಕೂಲಿ ಬಂತು. ಆದರೆ ಎರಡನೇ ಸಲ ಮಾಸ್ಕ್ ಹೊಲಿಯುವ ಸಂಘಗಳ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಓಣಿಯ ಸಂಘದ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಕಾಳಿಗೂ ಅದಕ್ಕೂ ಸಂಬಂಧವಿತ್ತು ಎನ್ನಲು ನನ್ನ ಬಳಿ ಪುರಾವೆ ಇಲ್ಲ. ಇರಲಿಲ್ಲ ಎನ್ನಲೂ ಇಲ್ಲ. ಪಟ್ಟಿ ಓದಿ ಹೇಳಿದವನು ನಾನೇ. ಕಾಕು ಹೊಲಿಗೆ ಯಂತ್ರಕ್ಕೆ ಹಳೆಯ ಸೀರೆ ಮುಚ್ಚಿ, "ಹೋಗ್ಲಿ ಬಿಡು," ಅಂದರು. ಆ ಹೆಂಗಸರು ಗಿರಣಿಯ ಬಾಗಿಲು ತೆರೆಯುವುದನ್ನು ಕಾಯುತ್ತಾ ಕೂತರು.

ಎರಡನೇ ಅಲೆಯಲ್ಲಿ ಕಾಕುವನ್ನು ಬೀದರಿನ ಆಸ್ಪತ್ರೆಗೆ ಒಯ್ದರು. ನಾನಾಗ ಭಾಲ್ಕಿಯಲ್ಲಿದ್ದೆ. ಅವರು ಮರಳಿ ಔರಾದಕ್ಕೆ ಬರಲಿಲ್ಲ. ಅವರ ಮಣ್ಣಿಗೂ ನನಗೆ ಹೋಗಲಾಗಲಿಲ್ಲ. ಕೇಳಬೇಕಾದದ್ದೊಂದು ಬಾಯಲ್ಲೇ ಉಳಿಯಿತು...

ಈ ಮಾಸ್ಕ್ ಅವತ್ತಿನ ನಲವತ್ತು ಕಟ್ಟುಗಳೊಳಗಿನದು, ನಾನೇ ತೆಗೆದಿಟ್ಟುಕೊಂಡದ್ದು ಎಂದೇ ತಿಳಿದಿದ್ದೆ. ಯಾರಾದರೂ ಕೇಳಿದ್ದರೆ ಹಾಗೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ಆ ಭಾನುವಾರ ನಲವತ್ತು ಕಾಳೂ ಬಟ್ಟಲಿಗೆ ಬಂದಿದ್ದವು, ಗುಬ್ಬಿಗಳು ತಿಂದಿದ್ದವು. ನಲವತ್ತೊಂದನೆಯ ಕಾಳು ಎಲ್ಲಿಂದ ಬಂತು?

ಅದನ್ನೇ ಯೋಚಿಸುತ್ತಾ ಕೂತಾಗ ಕಾಲೇಜು ತೆರೆದು ನಾನು ಊರು ಬಿಟ್ಟ ಬೆಳಿಗ್ಗೆ ನೆನಪಾಯಿತು. ಕಾಕು ಬಸ್‌ ಸ್ಟ್ಯಾಂಡಿನವರೆಗೆ ಬಂದಿದ್ದರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೈಗೆ ಕೊಟ್ಟು, ಚೀಲದ ಪಕ್ಕದ ಜೇಬಿಗೆ ಏನೋ ತುರುಕಿ, "ಬಸ್ಸಿನ್ಯಾಗ ಮಂದಿ ಭಾಳ ಇರ್ತದ, ಕಟ್ಕೋ," ಅಂದಿದ್ದರು. ನನ್ನ ಮುಖಕ್ಕೆ ಆಗಲೇ ಅಂಗಡಿಯ ಮಾಸ್ಕ್ ಇತ್ತು. ಜೇಬಿನದನ್ನು ತೆಗೆದು ನೋಡಲೇ ಇಲ್ಲ.

ಎಂದರೆ ಇದು ಆಮೇಲೆ ಹೊಲಿದದ್ದು. ಸಾಹೇಬರು ಬಂದು ಹೋದ ಮೇಲೆ, ಮೂರು ದಿನದ ಆ ಪಾಡಿನ ಮೇಲೆ, ಪಟ್ಟಿಯಿಂದ ಹೆಸರು ಹೋದ ಮೇಲೆ. ತಗಡಿನ ಗೋಡೆಯ ಆಚೆ ನನ್ನ ದನಿ ಅವರಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲದರಿಂದ ಕಾಳು ತೆಗೆದ ಮೇಲೂ ಮತ್ತೆ ಒಂದಕ್ಕೆ, ನನ್ನದಕ್ಕೆ, ಕಾಳಿಟ್ಟು ಹೊಲಿದಿದ್ದರು. ಇಷ್ಟಕ್ಕೆ ಮಾತ್ರ ಪುರಾವೆ ಇದೆ, ನನ್ನ ಹೆಬ್ಬೆರಳ ಕೆಳಗೆ. ಕಾಕು ಯಾರನ್ನೂ ಖಾಲಿ ಹೊಟ್ಟೆಯಲ್ಲಿ ಕಳಿಸುತ್ತಿರಲಿಲ್ಲ.