ಮಡಿಲಿಳಿದ ಕರು

ಸಿಸ್ಟರಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದವರು. ಎಂಥ ರಚ್ಚೆ ಹಿಡಿದ ಕೂಸಾದರೂ ಅವರ ಮಡಿಲಿಗೆ ಬಂದರೆ ಸುಮ್ಮನಾಗುತ್ತಿತ್ತು. ಅದರ ಬಗ್ಗೆ ಅವರಿಗೆ ತುಸು ಜಂಬವೂ ಇತ್ತು, ಇರಬೇಕಾದದ್ದೇ. ಆದರೆ ಆ ಕೂಸುಗಳೆಲ್ಲ ಮೂರೋ ನಾಲ್ಕೋ ದಿನಕ್ಕೆ ತಾಯಂದಿರ ಜೊತೆ ಮನೆಗೆ ಹೋದವು. ತಮ್ಮದು ಅಂತ ಒಂದೂ ಉಳಿಯಲಿಲ್ಲ.

ನಿವೃತ್ತಿಯಾಗಿ ತಮ್ಮನ ಮನೆಗೆ ಬಂದ ತಿಂಗಳಿಗೇ ಅವನ ಹಸು ಕರು ಹಾಕಿ ಸತ್ತಿತು.

"ಅಕ್ಕ, ಇದನ್ನ ನೀನೇ ನೋಡ್ಕೊ. ಬಾಟಲಿ ಹಿಡಿಯೋದು ನಿನಗೇನು ಹೊಸದಾ?" ಅಂದ ತಮ್ಮ.

ಇದನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ ಎಂದುಕೊಂಡರು ಸಿಸ್ಟರಮ್ಮ.

ಅಂದಿನಿಂದ ಮಧ್ಯಾಹ್ನಗಳು ಕನಸಿನಂತೆ ಸರಿದವು. ಕೊಟ್ಟಿಗೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಕರುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹಾಲು ಕುಡಿಸುವರು. ಪಾಪ, ಚೀಪಲು ಕಷ್ಟವಾಗದಿರಲಿ ಎಂದು ಕಾಯಿಸಿದ ಸೂಜಿಯಿಂದ ನಿಪ್ಪಲಿನ ತೂತನ್ನೂ ದೊಡ್ಡದು ಮಾಡಿದ್ದರು. ಹೆಂಚಿನ ಸಂದಿಯ ಬಿಸಿಲಲ್ಲಿ ಹುಲ್ಲಿನ ಧೂಳು ತೇಲುತ್ತಿತ್ತು. ಬೆಚ್ಚಗಿನ ಉಸಿರು ಅಂಗೈಗೆ ತಾಗಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಗ ವಾರ್ಡಿನ ತೊಟ್ಟಿಲುಗಳು ಒಂದೊಂದೇ ಬಂದು ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಎಲ್ಲದರಲ್ಲೂ ಕರುಗಳೇ.

ಆರನೆಯ ದಿನ ಕರುವಿಗೆ ಭೇದಿ ಹತ್ತಿತು. ಹೊಟ್ಟೆ ಉಬ್ಬಿತು, ಕಣ್ಣು ಗುಳಿ ಬಿತ್ತು. ಸಿಸ್ಟರಮ್ಮನ ಜೀವ ಬಾಯಿಗೆ ಬಂತು. ದನದ ಡಾಕ್ಟರು ಬಂದವರು, ಹಾಲು ಹೇಗೆ ಕುಡಿಸುತ್ತೀರಿ ತೋರಿಸಿ ಎಂದರು. ತೋರಿಸಿದಾಗ ನಗು ತಡೆದುಕೊಂಡರು.

"ಸಿಸ್ಟರೇ, ಇದು ಮಗು ಅಲ್ಲ. ಇದು ನಿಂತ್ಕೊಂಡು, ಕತ್ತು ಚಾಚಿ, ನಿಧಾನಕ್ಕೆ ಚೀಪಬೇಕು. ದನಕ್ಕೆ ನಾಲ್ಕು ಹೊಟ್ಟೆ, ಹೀಗೆ ಮಲಗಿಸಿ ಸುರಿದ್ರೆ ಹಾಲು ಹೋಗಬಾರದ ಹೊಟ್ಟೆಗೆ ಹೋಗಿ ಅಲ್ಲೇ ಹುಳಿ ಬರುತ್ತೆ."

"ಮುದ್ದು ಮಾಡಿದ್ದೇ ತಪ್ಪಾಯ್ತಾ ಡಾಕ್ಟ್ರೇ?"

"ಮುದ್ದು ಆಮೇಲೆ ಮಾಡಿ. ಈಗ ಕರು ಉಳೀಲಿ."

ಅತಿಯಾದರೆ ಅಮೃತವೂ ವಿಷ ಎಂದು ಸಿಸ್ಟರಮ್ಮ ಎಷ್ಟು ಬಾಣಂತಿಯರಿಗೆ ಬುದ್ಧಿ ಹೇಳಿದ್ದರೋ! ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಸಣ್ಣ ತೂತಿನ ಹೊಸ ನಿಪ್ಪಲು ತರಿಸಿದರು. ಎರಡು ದಿನ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹಾಲು ಕೊಟ್ಟು, ನಡುನಡುವೆ ಅವರೇ ಕೊಟ್ಟ ಭೇದಿಯ ಪುಡಿ ಕಲಸಿದ ನೀರು ಕುಡಿಸಿದರು. ಹಾಸಿದ ಹುಲ್ಲು ಒದ್ದೆಯಾದಾಗಲೆಲ್ಲ ಬದಲಿಸಿದರು. ಪ್ರತಿ ಸಲವೂ ಕರುವನ್ನು ಎಬ್ಬಿಸಿ ನಿಲ್ಲಿಸಿ, ಬಿದ್ದೀತೆಂದು ಪಕ್ಕೆಗೆ ಮೊಣಕಾಲು ಆನಿಸಿ ನಿಂತರು.

ಮೂರನೆಯ ದಿನ ಮಧ್ಯಾಹ್ನ ಅದು ತಾನೇ ಎದ್ದಿತು. ಕಾಲುಗಳು ನಡುಗುತ್ತಿದ್ದವು. ಬಾಚಿ ತಬ್ಬಿಕೊಳ್ಳಲು ಸಿಸ್ಟರಮ್ಮನ ಕೈ ತುಡಿಯಿತು. ತಡೆದುಕೊಂಡು, ಹಸುವಿನ ಕೆಚ್ಚಲಿನ ಎತ್ತರಕ್ಕೆ ಬಾಟಲಿ ಹಿಡಿದು ನಿಂತರು. ಕರು ಕತ್ತು ಚಾಚಿ ಚೀಪಿತು, ಬಾಟಲಿಗೆ ಜೋರಾಗಿ ಗುದ್ದಿತು. ಬಾಲ ಕುಣಿಯತೊಡಗಿತು. ಹಾಲು ಮುಗಿದದ್ದೇ ಅವರನ್ನು ದಾಟಿಕೊಂಡು ಅಂಗಳದ ಬಿಸಿಲಿಗೆ ಓಡಿತು. ತಿರುಗಿಯೂ ನೋಡಲಿಲ್ಲ.

"ಹೋಗು ತಾಯಿ," ಎಂದರು ಸಿಸ್ಟರಮ್ಮ. ಅಳು ಬಂತು. ಅದರ ಜೊತೆಗೇ, ಎರಡು ದಿನದಿಂದ ಕಾಣೆಯಾಗಿದ್ದ ಹಸಿವೂ ಬಂತು.