ಮಲಗಿದ ಚಿಪ್ ಏಳಲಿಲ್ಲ

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಚೆನ್ನೈಯಲ್ಲಿ ಚಿಪ್ ವಿನ್ಯಾಸ ಮಾಡುತ್ತಿದ್ದೆ. ಹೀಗೆ ಹೇಳಿಕೊಂಡರೆ ದೊಡ್ಡ ಮನುಷ್ಯನಂತೆ ಕೇಳಿಸುತ್ತದೆ. ನಿಜವಾಗಿ ನಾನು ಕೂರುತ್ತಿದ್ದದ್ದು ಮೈಲಾಪೂರಿನ ಹಳೆಯ ಫ್ಲ್ಯಾಟೊಂದರಲ್ಲಿ, ಹಿಂದೆ ಯಾರದೋ ಅಡುಗೆಮನೆಯಾಗಿದ್ದ ಕೋಣೆಯಲ್ಲಿ. ನಮ್ಮದು ಹನ್ನೊಂದು ಜನರ ಕಂಪನಿ. ಕಿವಿ ಕೇಳದವರ ಯಂತ್ರಕ್ಕೆ ಒಂದು ಚಿಪ್ ಮಾಡಿಕೊಡಬೇಕಿತ್ತು. ಅಂಗಿಯ ಗುಂಡಿಯಷ್ಟಿರುವ ಬ್ಯಾಟರಿ ವಾರಗಟ್ಟಲೆ ಬಾಳಬೇಕು, ಆದರೆ ಮಾತು ಕಿವಿಗೆ ತಡವಾಗಿ ಬೀಳಬಾರದು. ಉಪವಾಸವಿದ್ದುಕೊಂಡೇ ಓಟದಲ್ಲಿ ಗೆಲ್ಲಬೇಕು ಎಂದ ಹಾಗೆ.

ಇದಕ್ಕೊಂದು ಉಪಾಯವಿದೆ. ಲೆಕ್ಕ ಮಾಡುವ ಭಾಗ ಕೆಲಸ ಬಂದಾಗ ಭರ್ರನೆ ಮುಗಿಸಬೇಕು, ಉಳಿದ ಹೊತ್ತು ಅದರ ಕರೆಂಟು ಕಡಿದು ಮಲಗಿಸಬೇಕು. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಮಲಗಿ ಏಳುವುದೇ ಅದರ ಬಾಳು. ಏಳಿಸುವುದಕ್ಕೆ ಒಂದು ಪುಟ್ಟ ಟೈಮರ್ ಮಾತ್ರ ಸದಾ ಎಚ್ಚರವಾಗಿರಬೇಕು. ಆ ಟೈಮರ್ ನುಂಗುತ್ತಿದ್ದ ಚೂರು ಕರೆಂಟೂ ನನ್ನ ಕಣ್ಣು ಚುಚ್ಚುತ್ತಿತ್ತು. ಕಂಪನಿಯಲ್ಲಿ ನನ್ನಷ್ಟು ಜಿಪುಣ ಇನ್ನೊಬ್ಬನಿಲ್ಲ ಎಂಬ ಹೆಮ್ಮೆ ಬೇರೆ. ಒಂದು ಮಧ್ಯಾಹ್ನ ಅದನ್ನೂ ಎತ್ತಿ ಮಲಗುವ ಭಾಗದೊಳಗೆ ಇಟ್ಟುಬಿಟ್ಟೆ. ಏಳಿಸಬೇಕಾದವನೇ ಮಲಗಿದರೆ ಏಳಿಸುವವರು ಯಾರು ಎಂಬುದು ನನಗೆ ಹೊಳೆಯಲಿಲ್ಲ. ಚಿಪ್ ತಯಾರಾಗುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ನಮ್ಮ ಸಿಮ್ಯುಲೇಟರಿಗೂ ಹೊಳೆಯಲಿಲ್ಲ. ಎಲ್ಲ ಭಾಗಕ್ಕೂ ಕರೆಂಟು ಇದ್ದೇ ಇದೆ ಎಂದು ನಂಬುವ ಸಾಧು ಪ್ರಾಣಿ ಅದು.

ನನ್ನ ಸರ್ಕ್ಯೂಟನ್ನು ಸಿಲಿಕಾನಿನ ಮೇಲೆ ಜೋಡಿಸುವ ನಕ್ಷೆ ಬರೆಯುತ್ತಿದ್ದವಳು ಚೆನ್ನೈಯದೇ ಪೆರಂಬೂರಿನ ರೈಲ್ವೆ ನೌಕರರ ಮನೆತನದ ಕನ್ನಡದವಳು. ಕೆಲಸಕ್ಕೆ ಹೊಸಬಳು, ಇನ್ನೂ ಖಾಯಂ ಆಗಿರಲಿಲ್ಲ. ಅವಳು ಬಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು: "ಸಾರ್, ಟೈಮರ್ ಉಳ್ಳೇನೇ, ಮಲಗೋ ಭಾಗದ ಒಳಗೇ ಇದ್ರೆ ಪರವಾಯಿಲ್ಲೆಯಾ? ಅದಕ್ಕೂ ಕರೆಂಟ್ ಕಟ್ ಆಗುತ್ತಲ್ಲ?"

ನಾನು ಎದ್ದು ಬೋರ್ಡಿನ ಮುಂದೆ ನಿಂತು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅದರಲ್ಲಿ ಅವಳ ಪ್ರಶ್ನೆಗೆ ಉತ್ತರವೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಅವಳು ಸರಿ ಸಾರ್ ಎಂದು ಹೋಗಿ ನಾನು ಹೇಳಿದ ಹಾಗೆಯೇ ಬರೆದಳು.

ಕೆಲವು ತಿಂಗಳ ನಂತರ ವಿದೇಶದ ಕಾರ್ಖಾನೆಯಿಂದ ಚಿಪ್‌ಗಳು ಬಂದವು. ಯಜಮಾನರು ಡಬ್ಬಿಗೆ ಕುಂಕುಮ ಇಟ್ಟು ನನ್ನ ಕೈಗೆ ಕೊಟ್ಟರು. ಜೋಡಿಸಿ ನೋಡಿದರೆ ಮೀಟರಿನಲ್ಲಿ ಕರೆಂಟು ಸೊನ್ನೆಗೆ ಅಂಟಿಕೊಂಡಂತಿದೆ! ಇಷ್ಟು ಕಡಿಮೆಯನ್ನು ನಾನೇ ನಿರೀಕ್ಷಿಸಿರಲಿಲ್ಲ. ಓಡಿಹೋಗಿ ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದೆ. ಎಲ್ಲರೂ ಬಾಯಿ ತುಂಬಿಕೊಂಡಿದ್ದಾಗ ಅವಳೊಬ್ಬಳು ಚಿಪ್‌ಗೆ ಶಬ್ದ ಕಳಿಸಿ ನೋಡಿದಳು. ಆ ಕಡೆಯಿಂದ ಏನೂ ಬರಲಿಲ್ಲ. ರೀಸೆಟ್ ಒತ್ತಿದಾಗ ಸ್ಪೀಕರಿನಲ್ಲಿ ಒಮ್ಮೆ ಟಕ್ ಎಂದಿತು, ಮತ್ತೆ ಮೌನ. ಹುಟ್ಟಿದೊಡನೆ ಮಲಗಿ ಏಳದೇ ಹೋದ ಚಿಪ್ ಊಟ ಕೇಳುತ್ತಿಲ್ಲ ಎಂದು ನಾನು ಸಿಹಿ ಹಂಚಿದ್ದೆ.

ಹೊಸಬಳು ನಕ್ಷೆಯಲ್ಲಿ ಎಲ್ಲೋ ತಂತಿ ಕಡಿದಿರಬೇಕು ಎಂದು ಯಜಮಾನರು ತೀರ್ಮಾನಿಸಿದರು. ಶುಕ್ರವಾರದವರೆಗೆ ನೋಡುತ್ತೇನೆ, ಆಮೇಲೆ ಅವಳನ್ನು ಕೆಲಸದಿಂದ ಬಿಡಿಸುವುದೇ ಎಂದು ನನ್ನೊಬ್ಬನಿಗೇ ಹೇಳಿದರು. ಅಂದು ಬುಧವಾರ. ಸಂಜೆ ರೈಲಿನಲ್ಲಿ ನಿಂತು ಹೋಗುವಾಗ ಟೈಮರ್ ನೆನಪಾಯಿತು, ಅವಳ ಪ್ರಶ್ನೆಯೂ ನೆನಪಾಯಿತು. 

ಗುರುವಾರ ಹೇಳಲಿಲ್ಲ. ಇನ್ನೊಮ್ಮೆ ಪರೀಕ್ಷಿಸದೆ ಹೇಳುವುದು ವಿಜ್ಞಾನಕ್ಕೆ ಒಪ್ಪುವುದಿಲ್ಲ ಎಂದುಕೊಂಡೆ. ಪರೀಕ್ಷಿಸಿದೆ, ತಪ್ಪು ನನ್ನದೇ. ಆಮೇಲೆ ಒಂದು ಒಳ್ಳೆಯ ವರದಿ ಬರೆದೇ ಹೇಳೋಣ ಎಂದುಕೊಂಡೆ. ಆ ವರದಿಯ ಮೊದಲ ವಾಕ್ಯವನ್ನು ಎಷ್ಟು ಸಲ ಬದಲಿಸಿದರೂ ಅದರಲ್ಲಿ 'ನಾನು' ಎಂಬ ಪದ ಬರಲೊಲ್ಲದು. ಎದುರಿನ ಮೇಜಿನಲ್ಲಿ ಅವಳು ತಲೆ ಬಗ್ಗಿಸಿ ಕೂತಿದ್ದಳು. ನನಗೆ ನಿಜಕ್ಕೂ ಭಯವಾಗಿತ್ತು, ಅದೂ ಮಾನ ಹೋಗುತ್ತದೆ ಎಂಬ ಬಡಪಾಯಿ ಭಯ.

ಶುಕ್ರವಾರ ಸಂಜೆ ನಾಲ್ಕೂವರೆಗೆ ಯಜಮಾನರ ಕೋಣೆಗೆ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಎಂದಿನಿಂದ ಗೊತ್ತು ಎಂದು ಕೇಳಿದರು. ಬುಧವಾರದಿಂದ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳ ಕೆಲಸ ಖಾಯಂ, ಇನ್ನು ಮುಂದೆ ನಿನ್ನ ಸರ್ಕ್ಯೂಟನ್ನು ಅವಳು ನೋಡಿ ಒಪ್ಪಿದ ಮೇಲೆಯೇ ಕಳಿಸುವುದು ಎಂದರು.

ಹೊರಗೆ ಬಂದಾಗ ಮೈ ಹಗುರಾಗಿತ್ತು. ನಾನೊಬ್ಬ ಮಹಾತ್ಯಾಗಿ ಎಂಬ ಮುಖ ಮಾಡಿಕೊಂಡು ಅವಳ ಮೇಜಿನ ಬಳಿ ನಿಂತು, ತಪ್ಪು ನನ್ನದೆಂದು ಒಪ್ಪಿಕೊಂಡು ಬಂದೆ ಎಂದೆ. ಕಣ್ಣೀರು, ಕೃತಜ್ಞತೆ, ಏನಾದರೂ ಒಂದು ಬರುತ್ತದೆಂದು ಕಾದೆ.

ಅವಳು ಚೀಲದಿಂದ ಮಡಿಸಿದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಟೈಮರಿನ ಸುತ್ತ ಕೆಂಪು ಶಾಯಿಯ ವೃತ್ತವಿತ್ತು.

"ನಂಗೆ ಬುಧವಾರವೇ ಗೊತ್ತಾಯ್ತು ಸಾರ್. ನೀವೇ ಹೇಳ್ತೀರಾ ಅಂತ ಇವತ್ತು ಐದು ಮಣಿ ವರೆಗೂ ಟೈಮ್ ಕೊಟ್ಟಿದ್ದೆ."

ಗೋಡೆ ಗಡಿಯಾರದಲ್ಲಿ ಐದಕ್ಕೆ ಇನ್ನು ಹತ್ತು ನಿಮಿಷವಿತ್ತು.